ಡಬ್ಲ್ಯೂಎಚ್‌ಒ ಆಂಥ್ರೊ: ಲೆಕ್ಕ ಪಕ್ಕಾ, ತಾರೀಖಿಗೆ ಮಾತ್ರ ನೀವೇ ಕಾವಲು

ಪುಣೆಯ ಹಿಂಜವಡಿ, ವಾಕಡ್ ಕಡೆ ಕಟ್ಟಡ ಕೆಲಸಕ್ಕೆ ಬಂದ ಕಲಬುರ್ಗಿ, ಯಾದಗಿರಿಯವರ ಮಕ್ಕಳನ್ನು ತೂಗಿ ಅಳೆಯುವವರಿಗೆ ಆಂಥ್ರೊ ಹೊಸದಲ್ಲ: ವಯಸ್ಸು, ತೂಕ, ಉದ್ದ ಕೊಟ್ಟರೆ ಮಗುವಿನ ಬೆಳವಣಿಗೆ ಲೆಕ್ಕ ಹಾಕುವ ವಿಶ್ವ ಆರೋಗ್ಯ ಸಂಸ್ಥೆಯ ತಂತ್ರಾಂಶ ಇದು. ಪುಕ್ಕಟೆ, ಹಳೇ ವಿಂಡೋಸ್ ಲ್ಯಾಪ್‌ಟಾಪ್ ಸಾಕು, ನೆಟ್ ಬೇಡ. ಅದು ಕೊಡುವ ಝಡ್-ಸ್ಕೋರ್ (ಅದೇ ವಯಸ್ಸಿನ ಮಕ್ಕಳ ನಡುಮಟ್ಟಕ್ಕಿಂತ ಮಗು ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬ ಅಂಕ; 0 ಅಂದರೆ ನಡುಮಟ್ಟ) ಬಗ್ಗೆ ತಕರಾರಿಲ್ಲ. ತಕರಾರೆಲ್ಲ ತಾರೀಖಿನದು.

ರಿಜಿಸ್ಟರಿನಿಂದ ಸ್ಪ್ರೆಡ್‌ಶೀಟಿಗೆ ಏರಿಸುವಾಗ ಕಂಪ್ಯೂಟರು ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 03/08/2023 ಮಾರ್ಚ್ 8 ಆಗಿ ಕೂರುತ್ತದೆ. 23/08/2023 ಹಾಗಾಗದು, 23ನೇ ತಿಂಗಳೇ ಇಲ್ಲವಲ್ಲ. ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಸದ್ದಿಲ್ಲದೆ ಕೆಡುವುದು 12ರೊಳಗಿನ ದಿನಗಳು. ಆಗಸ್ಟ್ 3ಕ್ಕೆ ಹುಟ್ಟಿದ ಗಂಡುಮಗು 2024ರ ಫೆಬ್ರವರಿ 20ರಂದು 68.5 ಸೆಂ.ಮೀ. ಇದ್ದರೆ, ಆರೂವರೆ ತಿಂಗಳಿಗೆ ಅದು ಸರಿಯಾಗಿ ನಡುಮಟ್ಟ. ಮಾರ್ಚ್ 8 ಎಂದಾದರೆ ವಯಸ್ಸು ಹನ್ನೊಂದೂವರೆ ತಿಂಗಳು. ಅದೇ ಮಗು ಸ್ಕೋರಿನಲ್ಲಿ -2ರ ಕೆಳಗಿಳಿದು ಕುಂಠಿತರ, ಅಂದರೆ ವಯಸ್ಸಿಗೆ ತಕ್ಕ ಉದ್ದ ಇಲ್ಲದವರ, ಪಟ್ಟಿಗೆ ಸೇರುತ್ತದೆ. ತಂತ್ರಾಂಶ ತುಟಿ ಬಿಚ್ಚುವುದಿಲ್ಲ, ಏಕೆಂದರೆ ಉದ್ದದ ಸ್ಕೋರಿಗೆ ಅದರ ಎಚ್ಚರಿಕೆ ಮೊಳಗುವುದು -6ರ ಕೆಳಗೆ ಅಥವಾ +6ರ ಮೇಲೆ.

ಫೈಲು ಆಂಥ್ರೊಗೆ ಹಾಕುವ ಮೊದಲು ತಾರೀಖಿನ ಕಾಲಂ ಅಗಲ ಮಾಡಿ. ಅಲೈನ್‌ಮೆಂಟ್ ಮುಟ್ಟದಿದ್ದರೆ ನಿಜವಾದ ತಾರೀಖು ಬಲಕ್ಕೆ, ಅಕ್ಷರ ಎಡಕ್ಕೆ ಅಂಟಿರುತ್ತದೆ. ಎರಡೂ ಕಂಡರೆ ಮುಂದುವರಿಯಬೇಡಿ. ದಿನ, ತಿಂಗಳು, ವರ್ಷ ಮೂರು ಕಾಲಂಗಳಲ್ಲಿ ಬರೆದು ಆಮೇಲೆ ಫಾರ್ಮುಲಾದಿಂದ ಜೋಡಿಸುವುದು ಬೇಸರದ ಕೆಲಸ, ಆದರೆ ಕೆಡುವುದಿಲ್ಲ.

ಕಾರ್ಡು ಕಳೆದಿದ್ದರೆ ತಾಯಿ ‘ಪಂಚಮಿ ದಿನ ಹುಟ್ಯಾನ್ರೀ’ ಅನ್ನುತ್ತಾಳೆ. 2023ರಲ್ಲಿ ಅಧಿಕ ಶ್ರಾವಣ ಇತ್ತು. ನಾಗರ ಪಂಚಮಿ ಬಂದದ್ದು ಆಗಸ್ಟ್ 21ಕ್ಕೆ. ಅಧಿಕದ ಪಂಚಮಿ ಹಿಡಿದರೆ ಮಗುವಿಗೆ ಹೆಚ್ಚುಕಡಿಮೆ ಒಂದು ತಿಂಗಳು ವಯಸ್ಸು ಜಾಸ್ತಿ.

ಇಷ್ಟು ಬೈದರೂ ಆಂಥ್ರೊ ಬಿಡುವ ಮನಸ್ಸಾಗದು, ಕಾರಣ ಮಲಗಿಸಿ ಅಳೆದದ್ದಕ್ಕೂ ನಿಲ್ಲಿಸಿ ಅಳೆದದ್ದಕ್ಕೂ ನಡುವಿನ 0.7 ಸೆಂ.ಮೀ. ವ್ಯತ್ಯಾಸವನ್ನು ಅದೇ ನೋಡಿಕೊಳ್ಳುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ಅಳುತ್ತಾ ಬೋರ್ಡಿನ ಮೇಲೆ ಮಲಗದಿದ್ದರೆ ನಿಲ್ಲಿಸಿ ಅಳೆಯಿರಿ, ‘ನಿಂತು’ ಎಂದು ಗುರುತಿಸಿ, 0.7 ತಾನೇ ಕೂಡಿಸಿಕೊಳ್ಳುತ್ತದೆ. ಎರಡು ದಾಟಿದ ಮಗು ಮಲಗಿದ್ದರೆ ಅಷ್ಟೇ ಕಳೆಯುತ್ತದೆ. ಪಾದ ಊದಿದೆ ಎಂದು ಟಿಕ್ ಮಾಡಿದರೆ ತೂಕದ ಸ್ಕೋರು ಕೊಡುವುದೇ ಇಲ್ಲ. ನೀರಿನ ಭಾರವನ್ನು ಮೈಯೆಂದು ಎಣಿಸುವುದಿಲ್ಲ, ಜಾಣತನ.

ಅವಧಿಗೆ ಮುಂಚೆ ಹುಟ್ಟಿದವರಿಗೆ ಇದು ಸಾಲದು. 32 ವಾರಕ್ಕೆ ಹುಟ್ಟಿದರೆ ವಯಸ್ಸಿನಿಂದ 8 ವಾರ ನೀವೇ ಕಳೆಯಬೇಕು. ಹುಟ್ಟುತೂಕವನ್ನು ಗರ್ಭದ ವಾರಕ್ಕೆ ಹೊಂದಿಸಿ ನೋಡಲು ಇಂಟರ್‌ಗ್ರೋತ್-21 ಕ್ಯಾಲ್ಕುಲೇಟರು ಬೇರೆ ಇಟ್ಟುಕೊಳ್ಳಿ. ಅದಕ್ಕೆ ಆಧಾರವಾದ ಅಧ್ಯಯನದ ಕೇಂದ್ರಗಳಲ್ಲಿ ನಮ್ಮ ನಾಗಪುರವೂ ಇತ್ತು.