ಫುಡ್ ಬ್ಯಾಂಕ್ ಜೊತೆ ಪಾಲುದಾರಿಕೆ: ಹಾಸನದ ಒಂದು ವೃದ್ಧಾಶ್ರಮದ ಉಗ್ರಾಣದಿಂದ

ತಿಂಗಳ ಕೊನೆ ವಾರ ಬಂದರೆ ನಮ್ಮ ಅಡುಗೆಮನೆಯಲ್ಲಿ ಬೇಳೆ ತಳ ಕಾಣುತ್ತಿತ್ತು. ಈಗ ಕಾಣೋದಿಲ್ಲ. ಫುಡ್ ಬ್ಯಾಂಕ್ ಸೇರಿ ಏನು ಸಿಕ್ಕಿತು ಅಂತ ಬೇರೆ ಸಂಸ್ಥೆಯವರು ಕೇಳಿದಾಗ ನಾನು ಮೊದಲು ಹೇಳೋದು ಇದನ್ನೇ. ಬೇಜಾರಿನ ಸಂಗತಿಗಳೂ ಬೇಕಾದಷ್ಟಿವೆ. ಅವನ್ನೂ ಬರೆಯುತ್ತೇನೆ.

ನಮ್ಮದು ಹಾಸನದ ಹೊರಗಿರೋ ಸಣ್ಣ ವೃದ್ಧಾಶ್ರಮ. ಒಂದು ಟ್ರಸ್ಟ್ ನಡೆಸುತ್ತದೆ. ಲೆಕ್ಕಪತ್ರ, ಉಗ್ರಾಣ ಎರಡೂ ನನ್ನ ಜವಾಬ್ದಾರಿ. ಬೆಂಗಳೂರಿನಲ್ಲಿ ದೊಡ್ಡ ಗೋದಾಮು ಇಟ್ಟುಕೊಂಡಿರೋ ಒಂದು ಫುಡ್ ಬ್ಯಾಂಕ್ ನಮ್ಮ ಕಡೆಯ ಸಂಸ್ಥೆಗಳಿಗೂ ದಿನಸಿ ಕೊಡುತ್ತದೆ. ದೂರು ಹೇಳೋದಿದೆ, ಹಾಗಾಗಿ ಹೆಸರು ಬೇಡ. ನಾವು ಸೇರಿ ಮೂರು ವರ್ಷದ ಮೇಲಾಯಿತು.

ಫುಡ್ ಬ್ಯಾಂಕ್ ಅಂದ ಕೂಡಲೇ ತುಂಬಾ ಜನ ಛತ್ರದಲ್ಲಿ ಮಿಕ್ಕ ಅನ್ನ ಸಾಂಬಾರು ಅಂದುಕೊಳ್ಳುತ್ತಾರೆ. ಅದಲ್ಲ. ಇದು ಪೂರ್ತಿ ಒಣ ದಿನಸಿಯ ವ್ಯವಹಾರ, ತರಕಾರಿ ಎಲ್ಲೋ ಅಪರೂಪಕ್ಕೆ. ಕಂಪನಿಯಲ್ಲಿ ಮಾರಾಟವಾಗದೆ ಉಳಿದದ್ದು, ಪ್ಯಾಕೆಟ್ಟಿನ ವಿನ್ಯಾಸ ಬದಲಾಯಿತು ಅಂತ ಅಂಗಡಿಗೆ ಹೋಗದೆ ನಿಂತದ್ದು, ಡಬ್ಬಿಯ ಮೂಲೆ ಜಜ್ಜಿದ್ದು, ಜೊತೆಗೆ ದಾನಿಗಳ ದುಡ್ಡಲ್ಲಿ ಕೊಂಡ ಅಕ್ಕಿ ಬೇಳೆ. ಇಷ್ಟೂ ಗೋದಾಮಿಗೆ ಬಂದು, ವಿಂಗಡಣೆ ಆಗಿ, ನಮ್ಮಂಥವರಿಗೆ ಹೋಗುತ್ತದೆ. ಹಸಿದವರ ತಟ್ಟೆಗೆ ಬಡಿಸೋರು ನಾವು, ಫುಡ್ ಬ್ಯಾಂಕ್ ಅಲ್ಲ. 1967ರಲ್ಲಿ ಅಮೆರಿಕದ ಫೀನಿಕ್ಸ್ ಊರಿನಲ್ಲಿ ಜಾನ್ ವ್ಯಾನ್ ಹೆಂಗಲ್ ಮೊದಲ ಫುಡ್ ಬ್ಯಾಂಕ್ ಶುರು ಮಾಡಿದಾಗಿನಿಂದಲೂ ಕೆಲಸ ಹಂಚಿಕೊಂಡಿರೋದು ಹೀಗೇ.

ಸೇರೋಕೆ ಕಾಗದಪತ್ರ ಜಾಸ್ತಿ. ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ, ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ದರ್ಪಣ್‌ನಲ್ಲಿ ನೋಂದಣಿ, ಅದರ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನೋಂದಣಿ. ವೃದ್ಧಾಶ್ರಮಕ್ಕೆ ಯಾಕಪ್ಪಾ ಹೋಟೆಲಿನ ಕಾಗದ ಅಂತ ನಮ್ಮ ಟ್ರಸ್ಟಿಯೊಬ್ಬರು ಗೊಣಗಿದ್ದರು. ಆದರೆ ಉಳಿಕೆ ಆಹಾರ ಸಂಗ್ರಹಿಸಿ ಹಂಚೋದಕ್ಕೇ ಅಂತ 2019ರಲ್ಲಿ ಎಫ್‌ಎಸ್‌ಎಸ್‌ಎಐ ಪ್ರತ್ಯೇಕ ನಿಯಮ ಮಾಡಿದೆ. ಯಾರಿಂದ ಏನು ಬಂತು, ಎಲ್ಲಿಗೆ ಹೋಯಿತು ಅನ್ನೋದು ದಾಖಲೆಯಲ್ಲಿ ಇರಬೇಕು. ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಯಾವ ಚೀಲದಿಂದ ಅಂತ ಹಿಡಿಯೋದಕ್ಕೆ ಅದೇ ಆಧಾರ ಅಲ್ವಾ.

ಕಾಗದ ಆದ ಮೇಲೆ ತಪಾಸಣೆಗೆ ಒಬ್ಬ ಹುಡುಗಿ ಬಂದಿದ್ದಳು. ಆಫೀಸಿನಲ್ಲಿ ಕೂತು ಕಾಫಿ ಕುಡಿದು ಹೋಗ್ತಾಳೆ ಅಂದುಕೊಂಡಿದ್ದೆವು. ನೇರ ಉಗ್ರಾಣಕ್ಕೇ ನಡೆದಳು. ಚೀಲ ಸರಿಸಿ, ಮೊಬೈಲ್ ಟಾರ್ಚ್ ಹಾಕಿ ಗೋಡೆ ಸಂದಿಯಲ್ಲಿ ಇಲಿ ಹಿಕ್ಕೆ ಇದೆಯಾ ಅಂತ ನೋಡಿದಳು. ಫಿನಾಯಿಲ್ ಕ್ಯಾನನ್ನು ತಾನೇ ಎತ್ತಿ ಆಚೆ ಇಟ್ಟಳು. ಚೀಲ ನೆಲದ ಮೇಲೆ ಇರಬಾರದು, ಮರದ ಹಲಗೆ ಮೇಲಿರಬೇಕು, ಗೋಡೆಗೆ ಒರಗಬಾರದು, ಮೊದಲು ಬಂದದ್ದು ಮೊದಲು ಖಾಲಿಯಾಗಬೇಕು. ನಮ್ಮ ಊರಿನ ಮಳೆಗಾಲ ಗೊತ್ತಲ್ಲ, ಗೋಡೆಗೆ ತಾಗಿದ ಚೀಲ ವಾರದೊಳಗೆ ಮುಗ್ಗಲು ವಾಸನೆ ಹೊಡೆಯುತ್ತದೆ. ಹಲಗೆ ಹಾಕಿಸಿದ ಮೇಲೆ ಆ ತಾಪತ್ರಯ ನಿಂತಿತು. ಫುಡ್ ಬ್ಯಾಂಕಿನಿಂದ ನಮಗೆ ಸಿಕ್ಕ ಮೊದಲ ಉಪಕಾರ ಇದು, ಇನ್ನೂ ಒಂದು ಕಾಳೂ ಬಂದಿರಲಿಲ್ಲ.

ಒಪ್ಪಂದದಲ್ಲಿ ಷರತ್ತುಗಳಿವೆ. ಮಾರಬಾರದು. ಜಾತಿ ಧರ್ಮ ಕೇಳಬಾರದು. ಭಜನೆಗೋ ಪ್ರಾರ್ಥನೆಗೋ ಕೂತರೆ ಮಾತ್ರ ಊಟ ಅನ್ನಬಾರದು. ಪ್ರತಿ ತಿಂಗಳು ಲೆಕ್ಕ ಕಳಿಸಬೇಕು. ಇದರಲ್ಲಿ ನಮಗೆ ಯಾವ ತಕರಾರೂ ಇಲ್ಲ.

ಬಿಟ್ಟಿ ಅನ್ನೋ ಮಾತು ಮಾತ್ರ ಒಪ್ಪೋಕೆ ಆಗಲ್ಲ. ಅವರ ಲಾರಿ ನಮ್ಮ ಬಾಗಿಲಿಗೆ ಬರೋದಿಲ್ಲ. ಹೆದ್ದಾರಿ ಪಕ್ಕದ ಒಂದು ಶೆಡ್ಡಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಗೂಡ್ಸ್ ಆಟೋ ಬಾಡಿಗೆ ನಮ್ಮದು, ಹಮಾಲಿ ನಮ್ಮದು, ಟಾರ್ಪಾಲ್ ನಮ್ಮದು. ಸಕಲೇಶಪುರದ ಕಡೆಯವರಿಗೆ ಇನ್ನೂ ಕಷ್ಟ. ಹಾಸನಾಂಬೆ ಬಾಗಿಲು ತೆಗೆದಿರೋ ದಿನಗಳಲ್ಲಿ ಲಾರಿ ಬಂದರಂತೂ ಮುಗೀತು, ಊರೊಳಗೆ ಗಾಡಿ ಅಲ್ಲಾಡಲ್ಲ, ಆಟೋದವರು ಕೇಳಿದ್ದೇ ರೇಟು. ಆ ದಿನಗಳನ್ನು ಬಿಟ್ಟು ಕಳಿಸಿ ಅಂತ ಈಗ ಮೊದಲೇ ಬರೆದುಬಿಡುತ್ತೇವೆ. ಇಷ್ಟು ಖರ್ಚು ಕಳೆದರೂ ದಿನಸಿಯಲ್ಲಿ ಉಳಿಯೋ ದುಡ್ಡು ದೊಡ್ಡದೇ. ಅದು ಮೊಟ್ಟೆಗೆ, ಹಾಲಿಗೆ, ಸಿಲಿಂಡರಿಗೆ ಹೋಗುತ್ತದೆ.

ನನ್ನ ದೊಡ್ಡ ದೂರು ಆಯ್ಕೆಯದು. ಏನು ಬೇಕು ಅಂತ ಅವರು ಕೇಳೋದಿಲ್ಲ, ಇರೋದನ್ನು ಹಂಚುತ್ತಾರೆ. ಒಂದು ಸಲ ಬೆಂಗಳೂರಿನಿಂದ ಹಾಸನಕ್ಕೆ ಆಲೂಗಡ್ಡೆ ಬಂತು! ಅದೂ ಮುಂಗಾರಿನ ಬೆಳೆ ಕಿತ್ತು ನಮ್ಮ ಎಪಿಎಂಸಿ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ. ಶೆಡ್ಡಿನಲ್ಲಿದ್ದ ಹಮಾಲಿಗಳು ನಕ್ಕಿದ್ದೇ ನಕ್ಕಿದ್ದು.

ಈ ರೋಗ ನಮ್ಮ ಕಡೆಗಷ್ಟೇ ಅಲ್ಲ. ಈಗ ಫೀಡಿಂಗ್ ಅಮೆರಿಕ ಅಂತ ಕರೆಯೋ ಅಲ್ಲಿನ ಫುಡ್ ಬ್ಯಾಂಕ್ ಒಕ್ಕೂಟದಲ್ಲೂ, ಆಲೂಗಡ್ಡೆಗೇ ಹೆಸರಾದ ಐಡಾಹೊ ರಾಜ್ಯಕ್ಕೆ ಆಲೂಗಡ್ಡೆಯನ್ನೇ ಕೊಡಲು ಹೋದ ಕಥೆ ಪ್ರಸಿದ್ಧ. 2005ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರನ್ನು ಕೂರಿಸಿಕೊಂಡು ಪದ್ಧತಿಯನ್ನೇ ಬದಲಿಸಿದರು. ಯಾವ ಊರಲ್ಲಿ ಬಡವರು ಹೆಚ್ಚೋ ಆ ಊರಿನ ಫುಡ್ ಬ್ಯಾಂಕಿಗೆ ಹೆಚ್ಚು ಅಂಕ. ಅದು ನಿಜವಾದ ದುಡ್ಡಲ್ಲ, ಲೆಕ್ಕಕ್ಕಷ್ಟೇ. ಆ ಅಂಕ ಇಟ್ಟು ಹರಾಜಿನಲ್ಲಿ ಬೇಕಾದ್ದನ್ನು ಕೂಗಿ ತಗೊಳ್ಳಬಹುದು, ಬೇಡದ್ದನ್ನು ಬಿಡಬಹುದು. ಹರಾಜು ನೋಡೇ ಬೆಳೆದ ಹಾಸನದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮವರು ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ, ಲಾರಿ ಹೊರಡೋ ಮೊದಲು 'ಇದು ಬೇಕಾ' ಅಂತ ಒಂದು ಮಾತು ಕೇಳಿದ್ದರೂ ಸಾಕಿತ್ತು.

ಕೇಳದೇ ಇರೋದಕ್ಕೆ ನಾವೇ ಒಂದು ದಾರಿ ಮಾಡಿಕೊಂಡಿದ್ದೇವೆ. ನಮ್ಮ ಅಜ್ಜ ಅಜ್ಜಿಯರಿಗೆ ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಲಾರಿಯಲ್ಲಿ ಬರೋದು ಗೋಧಿಹಿಟ್ಟು, ಓಟ್ಸ್, ನೂಡಲ್ಸ್. ಓಟ್ಸ್ ಗಂಜಿ ಮಾಡಿಕೊಟ್ಟ ದಿನ ಒಬ್ಬರು ಅಜ್ಜಿ ಚಮಚ ಎತ್ತಿ ನೋಡಿ, 'ಏನಪ್ಪಾ ಇದು, ಗೋಡೆಗೆ ಪೇಪರ್ ಅಂಟ್ಸೋಕೆ ಮಾಡಿದಂಗೈತೆ' ಅಂದರು. ಅಡುಗೆಯ ಅಕ್ಕ ಮಾರನೇ ಸಲ ಅದನ್ನೇ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಉಪ್ಪಿಟ್ಟು ಮಾಡಿದರು. ತಟ್ಟೆ ಖಾಲಿ. ಗೋಧಿಹಿಟ್ಟಿಗೆ ಮಾತ್ರ ಅಂಥ ಉಪಾಯ ಇರಲಿಲ್ಲ.

ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಅಸ್ಸಾಂನಿಂದ ಬಂದ ಕೂಲಿಗಳ ಮಕ್ಕಳನ್ನು ಹಗಲು ನೋಡಿಕೊಳ್ಳೋ ಒಂದು ಸಂಸ್ಥೆ ಇದೆ. ಅದೇ ಲಾರಿಯ ಇನ್ನೊಬ್ಬ ಪಾಲುದಾರರು. ಅಲ್ಲಿ ರೊಟ್ಟಿ ಖರ್ಚಾಗುತ್ತೆ, ಅವರಿಗೆ ಊರಿನ ದಾನಿಗಳು ಕೊಟ್ಟ ರಾಗಿ ಹಾಗೇ ಕೂತಿತ್ತು. ನಮ್ಮ ಹಿಟ್ಟು ಅಲ್ಲಿಗೆ, ಅವರ ರಾಗಿ ಇಲ್ಲಿಗೆ. ಆಮೇಲೆ ಆಸ್ಪತ್ರೆ ಹತ್ತಿರ ರೋಗಿಗಳ ಕಡೆಯವರಿಗೆ ಬೆಳಗಿನ ತಿಂಡಿ ಕೊಡೋ ಗುಂಪೂ ಸೇರಿಕೊಂಡಿತು, ಅವರಿಗೆ ರವೆ ಎಷ್ಟಿದ್ದರೂ ಬೇಕು. ಹೀಗೆ ಅದಲುಬದಲು ಮಾಡಬಹುದಾ ಅಂತ ಫುಡ್ ಬ್ಯಾಂಕನ್ನು ಕೇಳಿದೆವು. ಪಾಲುದಾರರ ನಡುವೆ ಆದರೆ ಸರಿ, ಇಬ್ಬರ ಲೆಕ್ಕದಲ್ಲೂ ತೋರಿಸಬೇಕು ಅಂದರು. ಮೂರು ವರ್ಷದಲ್ಲಿ ಅವರು ಕೊಟ್ಟ ಅತ್ಯಂತ ಉಪಯೋಗದ ಉತ್ತರ ಇದೇ ಇರಬೇಕು. ಅವರ ಆ್ಯಪ್ ಇಂಗ್ಲಿಷಿನಲ್ಲಿದೆ, ಅಡುಗೆಯ ಅಕ್ಕನಿಗೆ ದಕ್ಕೋದಿಲ್ಲ, ನನಗೂ ಅಷ್ಟಕ್ಕಷ್ಟೇ. ನಿಜವಾದ ಕೆಲಸ ನಡೆಯೋದು ಪಾಲುದಾರರ ವಾಟ್ಸಾಪ್ ಗುಂಪಿನಲ್ಲಿ, 'ಯಾರಿಗಾದ್ರೂ ಕಡ್ಲೆಬೇಳೆ ಬೇಕಾ' ಅನ್ನೋ ಒಂದು ಸಾಲಿನಲ್ಲಿ.

ಗುಣಮಟ್ಟದ ವಿಷಯ. ಅವಧಿ ಮುಗಿದದ್ದು ಯಾವತ್ತೂ ಬಂದಿಲ್ಲ, ಹತ್ತಿರಕ್ಕೆ ಬಂದದ್ದು ಬಂದಿದೆ. 'ಯೂಸ್ ಬೈ' ದಿನ ದಾಟಿದರೆ ಮುಟ್ಟೋ ಹಾಗೇ ಇಲ್ಲ. 'ಬೆಸ್ಟ್ ಬಿಫೋರ್' ಅಂದರೆ ಅದುವರೆಗೆ ರುಚಿ, ಗರಿ ಚೆನ್ನಾಗಿರುತ್ತೆ ಅಂತಷ್ಟೇ. ಆದರೂ ನಾವು ಎರಡಕ್ಕೂ ಒಂದೇ ಗೆರೆ ಎಳೆದಿದ್ದೇವೆ, ತಿನ್ನೋರು ಎಂಬತ್ತು ದಾಟಿದವರು. ಒಂದು ಮಳೆಗಾಲದಲ್ಲಿ ಬಂದ ರವೆಯ ತುಂಬಾ ಹುಳ. ಜರಡಿ ಹಿಡಿದರೆ ಆಗೋ ಮಟ್ಟದ್ದಲ್ಲ, ಚೀಲದ ಬಾಯಿ ಬಿಚ್ಚಿದರೆ ರವೆ ನೂಲು ನೂಲಾಗಿ ಅಂಟಿಕೊಂಡು ಬರುತ್ತಿತ್ತು. ಫೋಟೋ ಕಳಿಸಿದರೆ 'ಗಮನಕ್ಕೆ ಬಂದಿದೆ' ಅನ್ನೋ ಉತ್ತರಕ್ಕೇ ವಾರಗಟ್ಟಲೆ ಕಾಯಬೇಕಾಯಿತು. ಬದಲಿ ಬರಲಿಲ್ಲ. ಎಸೆಯೋ ಖರ್ಚೂ ನಮ್ಮದೇ. ಅದಾದ ಮೇಲೆ ನಾವು ಶೆಡ್ಡಿನಲ್ಲೇ ಒಂದೊಂದು ಚೀಲ ಬಿಚ್ಚಿ ನೋಡಿಯೇ ಸಹಿ ಹಾಕುತ್ತೇವೆ. ಡ್ರೈವರ್ ಮುಖ ಗಂಟಿಕ್ಕುತ್ತಾರೆ, ಇಕ್ಕಲಿ.

ಅನ್ನಭಾಗ್ಯ 2013ರಿಂದಲೇ ಇದೆ, ನಿಮಗ್ಯಾಕೆ ಇದೆಲ್ಲ ಅಂತ ಕೇಳೋರಿದ್ದಾರೆ. ನಮ್ಮಲ್ಲಿರೋ ಬಹಳ ಜನರ ಹೆಸರು ಇರೋದು ಮಗನ ಮನೆಯ ರೇಷನ್ ಕಾರ್ಡಿನಲ್ಲಿ. ಅಕ್ಕಿ ಅಲ್ಲೇ ಇಳಿಯುತ್ತದೆ. ಬಿಡಿಸಿ ಹೊಸ ಕಾರ್ಡು ಮಾಡಿಸೋಣ ಅಂದರೆ ಅಜ್ಜಿಯರೇ ಬೇಡ ಅಂತಾರೆ.

ಇನ್ನು ಊರಿನ ದಾನಿಗಳು. ಅವರನ್ನು ಬೈದರೆ ಬಾಯಿ ಬಿದ್ದು ಹೋದೀತು, ಆಶ್ರಮ ನಿಂತಿರೋದೇ ಅವರಿಂದ. ಆದರೆ ಎಲ್ಲರಿಗೂ ಹುಟ್ಟುಹಬ್ಬದ ದಿನ, ತಿಥಿಯ ದಿನವೇ ಊಟ ಹಾಕಿಸಬೇಕು, ಅದರಲ್ಲಿ ಹೋಳಿಗೆ ಪಾಯಸ ಇರಲೇಬೇಕು. ಸಕ್ಕರೆ ಕಾಯಿಲೆಯವರ ಮುಂದೆ ಪಾಯಸದ ಬಕೆಟ್ ಹಿಡಿದು ನಿಂತವರಿಗೆ ಬೇಡ ಅನ್ನೋದು ಹೇಗೆ? ಒಂದು ಬರೀ ಮಂಗಳವಾರದ ಬೇಳೆಸಾರಿಗೆ ನನ್ನ ಹೆಸರು ಹಾಕಿ ಅಂದವರನ್ನು ನಾನಂತೂ ನೋಡಿಲ್ಲ. ಆ ಮಂಗಳವಾರವನ್ನು ನೋಡಿಕೊಳ್ಳೋದು ಫುಡ್ ಬ್ಯಾಂಕ್. ಹುಳದ ರವೆ, ಆಲೂಗಡ್ಡೆ, ಆ್ಯಪ್ ಎಲ್ಲದರ ಮೇಲೂ ನಾವು ಒಪ್ಪಂದ ಮುಂದುವರಿಸಿರೋದು ಇದಕ್ಕೇ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಣಗಿದ ಒಂದು ಕೋಣೆ, ಲೆಕ್ಕ ಬರೆಯೋ ಒಬ್ಬರು, ಬಾಡಿಗೆಗೆ ಸ್ವಲ್ಪ ದುಡ್ಡು ಇದ್ದರೆ ಖಂಡಿತ ಸೇರಿ. ಬೇಯಿಸಿದ ಊಟವನ್ನಷ್ಟೇ ಹಂಚೋ ಗುಂಪಾದರೆ, ಉಗ್ರಾಣ ಇಲ್ಲದಿದ್ದರೆ, ಈ ರಗಳೆ ಬೇಡ. ಸೇರೋದಾದರೆ ಅರ್ಜಿಯನ್ನು ಬೇಸಿಗೆಯಲ್ಲೇ ಹಾಕಿ, ಮಳೆ ಹಿಡಿಯೋ ಮೊದಲು ತಪಾಸಣೆ ಮುಗಿಯಲಿ. ಅರ್ಜಿಯಲ್ಲಿ 'ಇತರೆ ಮಾಹಿತಿ' ಅಂತ ಒಂದು ಖಾಲಿ ಜಾಗ ಇರುತ್ತೆ, ಅಲ್ಲಿ ರಾಗಿ ಬೇಕು ಅಂತ ಬರೆಯಿರಿ. ನಾವು ಪ್ರತಿ ವರ್ಷ ಬರೆಯುತ್ತಿದ್ದೇವೆ, ಇನ್ನೂ ನಾಲ್ಕು ಸಂಸ್ಥೆ ಬರೆದರೆ ಕಣ್ಣಿಗೆ ಬಿದ್ದೀತು.