ಎಚ್‌ಐವಿ ಎಲೈಸಾ ಕಿಟ್: ರಕ್ತನಿಧಿಯಲ್ಲಿ ಬಳಸಿದವಳ ಅಭಿಪ್ರಾಯ

ರಕ್ತನಿಧಿಯ ಲ್ಯಾಬ್ ಟೆಕ್ನಿಷಿಯನ್ ಆಗಿ ನಾನು ಮೊದಲ ತಲೆಮಾರಿನ ಎಲೈಸಾ ಕಿಟ್‌ನಿಂದ ನಾಲ್ಕನೇ ತಲೆಮಾರಿನವರೆಗೂ ಬಳಸಿದ್ದೇನೆ. ಎಚ್‌ಐವಿ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ (ರಕ್ಷಕ ಪ್ರೋಟೀನ್) ರಕ್ತದಲ್ಲಿದ್ದರೆ ಈ ಕಿಟ್‌ನಲ್ಲಿ ಬಣ್ಣ ಬರುತ್ತದೆ. ದಾನಿಗಳ ರಕ್ತವನ್ನು ಜರಡಿ ಹಿಡಿಯಲು ಇದು ತುಂಬಾ ಒಳ್ಳೆಯ ಕಿಟ್. ಆದರೆ ಇದೊಂದನ್ನೇ ನಂಬಿ ಯಾರಿಗೂ ‘ನಿಮಗೆ ಸೋಂಕಿದೆ’ ಅನ್ನಬಾರದು.

ಇದು ಎಷ್ಟು ಬೇಗ ಬಂತು ನೋಡಿ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾ, ಅಂದರೆ ಏಡ್ಸ್‌ನ ಮೊದಲ ಪ್ರಕರಣಗಳು, ವರದಿಯಾದಾಗ ಕಾರಣವೇ ಗೊತ್ತಿರಲಿಲ್ಲ. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲ್ಯೂಕ್ ಮಾಂಟನಿಯೇ ಅವರ ತಂಡ ರೋಗಿಯೊಬ್ಬರ ದುಗ್ಧಗ್ರಂಥಿಯ ಚೂರಿನಲ್ಲಿ ಇದಕ್ಕೆ ಕಾರಣವಾದ ವೈರಸ್ (ಇಂದಿನ ಎಚ್‌ಐವಿ) ಕಂಡಿತು. ಅದು ತನ್ನನ್ನು ಬೆಳೆಸಿದ ಕೋಶಗಳನ್ನೇ ಕೊಲ್ಲುತ್ತಿತ್ತು. ರಕ್ತದಾನಿಯ ಹೊಸ ಬಿಳಿ ರಕ್ತಕಣ ಸೇರಿಸಿ ಅದನ್ನು ಉಳಿಸಿಕೊಂಡರು. ಆದರೆ ಕಿಟ್ ಮಾಡಲು ರಾಶಿಗಟ್ಟಲೆ ವೈರಸ್ ಬೇಕಲ್ವಾ? 1984ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೋ ಅವರ ಲ್ಯಾಬಿನಲ್ಲಿ ಎಚ್9 ಎಂಬ ಕೋಶಗಳೊಳಗೆ ಅದನ್ನು ಬೆಳೆಸಿದರು. 1985ರ ಮಾರ್ಚ್‌ನಲ್ಲಿ ಅಲ್ಲಿ ಮೊದಲ ಕಿಟ್‌ಗೆ ಅನುಮತಿ ಸಿಕ್ಕಿತು. ವೈರಸ್ ಮೊದಲು ಕಂಡವರು ಪ್ಯಾರಿಸ್‌ನವರೋ ಗ್ಯಾಲೋ ಅವರೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2008ರ ನೊಬೆಲ್ ಪ್ಯಾರಿಸ್‌ನ ಆ ಇಬ್ಬರಿಗೆ ಹೋಯಿತು. ನನಗಂತೂ ಅದೇ ಸರಿ ಅನಿಸುತ್ತದೆ.

ಮೊದಲ ಕಿಟ್‌ಗಳ ದೊಡ್ಡ ದೋಷ ಆ ಎಚ್9 ಕೋಶಗಳಿಂದಲೇ ಬಂತು. ಕಿಟ್‌ನಲ್ಲಿ ವೈರಸ್ ಜೊತೆ ಆ ಕೋಶದ ಪ್ರೋಟೀನ್ ಚೂರುಗಳೂ ಉಳಿಯುತ್ತಿದ್ದವು. ಹಲವು ಸಲ ಹೆತ್ತ ತಾಯಂದಿರು, ಪದೇ ಪದೇ ರಕ್ತ ಹಾಕಿಸಿಕೊಂಡವರಲ್ಲಿ ಆ ಚೂರುಗಳ ವಿರುದ್ಧ ಪ್ರತಿಕಾಯ ಇರಬಹುದು. ಅವರಿಗೆ ಎಚ್‌ಐವಿ ಇಲ್ಲದಿದ್ದರೂ ಬಣ್ಣ ಬರುತ್ತಿತ್ತು. ಬಾಟಲಿ ರಕ್ತ ಸುಮ್ನೆ ಚೆಲ್ಲಿದರೆ ದೊಡ್ಡ ನಷ್ಟವಿಲ್ಲ. ಅದೇ ಫಲಿತಾಂಶ ಒಬ್ಬ ಹೆಂಗಸಿನ ಕೈಗೆ ಹೋದರೆ ಅವಳ ಬದುಕೇ ಅಲುಗಾಡುತ್ತದೆ. ಅದಕ್ಕೇ ವೆಸ್ಟರ್ನ್ ಬ್ಲಾಟ್‌ನಿಂದ (ವೈರಸ್‌ನ ಒಂದೊಂದು ಪ್ರೋಟೀನಿನ ವಿರುದ್ಧ ಪ್ರತಿಕಾಯ ಇದೆಯೇ ಎಂದು ಬೇರೆ ಬೇರೆಯಾಗಿ ನೋಡುವ ಪರೀಕ್ಷೆ) ಖಚಿತ ಮಾಡಿಕೊಳ್ಳುವ ಪದ್ಧತಿ ಬಂತು.

ಮುಂದೆ ಕೃತಕವಾಗಿ ತಯಾರಿಸಿದ ವೈರಸ್ ಪ್ರೋಟೀನ್ ಬಳಸಿದ ಮೇಲೆ ಈ ಕಾಟ ಬಹಳ ತಗ್ಗಿತು. ನಾಲ್ಕನೇ ತಲೆಮಾರಿನ ಕಿಟ್ ಪ್ರತಿಕಾಯದ ಜೊತೆಗೆ ವೈರಸ್‌ನ ಪಿ24 ಪ್ರೋಟೀನನ್ನೂ ಹಿಡಿಯುತ್ತದೆ. ಹಾಗಾಗಿ ಸೋಂಕು ಇನ್ನಷ್ಟು ಬೇಗ ಗೊತ್ತಾಗುತ್ತದೆ. ಆದರೂ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಇದಕ್ಕೂ ಏನೂ ಕಾಣುವುದಿಲ್ಲ.

ಬಳಸುವವರಿಗೆ ಒಂದು ಮಾತು: ಪ್ಲೇಟ್ (ಮಾದರಿ ಹಾಕುವ ಸಣ್ಣ ಗುಳಿಗಳ ತಟ್ಟೆ) ತೊಳೆಯುವಾಗ ಅವಸರ ಬೇಡ. ಸರಿಯಾಗಿ ತೊಳೆಯದಿದ್ದರೆ ಎಷ್ಟು ಒಳ್ಳೆಯ ಕಿಟ್ ಆದರೂ ಸುಳ್ಳು ಬಣ್ಣ ತೋರಿಸುತ್ತದೆ. ಬಣ್ಣ ಬಂದ ಮಾದರಿಯನ್ನು ಮತ್ತೆ ಎರಡು ಗುಳಿಗಳಲ್ಲಿ ಹಾಕಿ ನೋಡಿ, ಆಮೇಲೆ ಖಚಿತ ಪರೀಕ್ಷೆಗೆ ಕಳಿಸಿ.