ಗುಳಿಗೆ ಡಬ್ಬಿ ಕೇಳುವ ಶಿಬಿರಕ್ಕೆ ಹೋಗಬೇಡಿ

ಇದನ್ನು ನಮ್ಮ ವೈನಿಯವರನ್ನು, ಅಂದರೆ ಅಣ್ಣನ ಹೆಂಡತಿಯನ್ನು, ಕೇಳಿಯೇ ಬರೆಯುತ್ತಿದ್ದೇನೆ. "ಊರು, ಓಣಿ ಬರೆಯಬೇಡ, ಉಳಿದದ್ದೆಲ್ಲ ಬರೆ" ಎಂದಿದ್ದಾರೆ. ಕಲಬುರಗಿ ಜಿಲ್ಲೆಯವರು ಎಂದಷ್ಟೇ ತಿಳಿಯಿರಿ.

ಗರ್ಭಕೋಶ ತೆಗೆಸಿದ ಮೇಲೆ ವೈನಿಯವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹದಿನೈದು ದಿನಕ್ಕೆಂದು ವೈದ್ಯರು ಬರೆದುಕೊಟ್ಟ ಅಲ್ಪ್ರಾಜೋಲಂ ಎಂಬ ನಿದ್ದೆ ಬರಿಸುವ ಗುಳಿಗೆ, ಔಷಧ ಅಂಗಡಿಯವನ ಕೃಪೆಯಿಂದ ಮೂರು ವರ್ಷ ನಡೆಯಿತು. ಕೊನೆಕೊನೆಗೆ ದಿನಕ್ಕೆ ಎಂಟು ಗುಳಿಗೆ. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಕಲಬೆರಕೆ ಮಾಡುವ ಪುಡಿಯೂ ಇದೇ. ಸೇಂದಿ ಕುಡಿದು ಬಿದ್ದವರನ್ನು ಕಂಡರೆ ಮೂಗು ಮುರಿಯುತ್ತಿದ್ದ ನಮಗೆ, ಅದೇ ವಸ್ತು ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿದೆ ಎಂದು ತಿಳಿಯಲು ಬಹಳ ದಿನ ಬೇಕಾಯಿತು.

ಕೊನೆಗೆ ಮನೋವೈದ್ಯರ ಬಳಿ ಹೋದೆವು. ಒಮ್ಮೆಲೇ ಬಿಡಿಸಬಾರದು, ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದರು. ಐದು ತಿಂಗಳಲ್ಲಿ ಎಂಟು ನಾಲ್ಕಕ್ಕೆ ಬಂತು. ದಿನವೂ ಎಣಿಸಿ ಕೊಡುವ ಕೆಲಸ ನನ್ನದು.

ಆಗ ಅಣ್ಣನ ಮೊಬೈಲಿಗೆ ಆ ಶಿಬಿರದ ಸಂದೇಶ ಬಂತು. ಚಟದಿಂದ ಹೊರಬರುತ್ತಿರುವ ಮಹಿಳೆಯರಿಗೂ ಅವರ ಮನೆಯವರಿಗೂ ಶನಿವಾರ, ಭಾನುವಾರ. ಚಿಂಚೋಳಿ ಕಾಡಿನ ಅಂಚಿನ ತೋಟದ ಮನೆ. ತಲೆಗೆ 3,500 ರೂಪಾಯಿ. ಹೆಂಗಸರಿಗೆಂದೇ ಮಾಡಿದ್ದಾರಲ್ಲ ಎಂದು ಮರುಳಾದೆವು. ಗಂಡಸು ಕುಡಿತ ಬಿಟ್ಟರೆ ಊರೆಲ್ಲ ಬೆನ್ನು ತಟ್ಟುತ್ತದೆ. ಹೆಂಗಸಾದರೆ ಬಿಟ್ಟದ್ದನ್ನೂ ಮುಚ್ಚಿಡಬೇಕು.

ಹೋದ ಕೂಡಲೇ ಎಲ್ಲರನ್ನೂ ನಿಲ್ಲಿಸಿ ಚಿತ್ರ ತೆಗೆದರು. ನಂತರ ಒಬ್ಬ ಹುಡುಗ ಬುಟ್ಟಿ ಹಿಡಿದು ಬಂದ. ಮೊದಲು ಫೋನು, ಆಮೇಲೆ ಔಷಧ. "ಎರಡು ದಿನ ಮನಸ್ಸಿನ ಬಲದ ಮೇಲೆ ಇದ್ದು ನೋಡಿ ಅಕ್ಕಾ" ಎಂದ. ವೈನಿ ನನ್ನ ಮುಖ ನೋಡಿದರು. ಡಬ್ಬಿಯನ್ನು ಬುಟ್ಟಿಗೆ ಹಾಕಿದವಳು ನಾನೇ.

ರಾತ್ರಿ ಊಟಕ್ಕೆ ಕುಳಿತಾಗ ಅವರಿಗೆ ರೊಟ್ಟಿ ಮುರಿಯಲು ಆಗಲಿಲ್ಲ. ಬೆರಳುಗಳು ಅಷ್ಟು ನಡುಗುತ್ತಿದ್ದವು. ನಾನೇ ಮುರಿದು, ಶೇಂಗಾ ಹಿಂಡಿ ಹಚ್ಚಿ ಕೊಟ್ಟೆ. ಎರಡು ತುತ್ತಿಗೆ ಸಾಕೆಂದರು. ರಾತ್ರಿಯಿಡೀ ಬೆವರು, ಹಾಸಿಗೆ ಒದ್ದೆ. ಶಿಬಿರದ ಮುಖ್ಯಸ್ಥರನ್ನು ಎಬ್ಬಿಸಿ ಗುಳಿಗೆ ಕೇಳಿದರೆ, "ವಿಷ ಹೊರಗೆ ಹೋಗುತ್ತಿದೆ ತಂಗಿ, ಒಳ್ಳೆಯ ಲಕ್ಷಣ" ಎಂದು ಮಲಗಿಬಿಟ್ಟರು.

ಭಾನುವಾರ ಬೆಳಿಗ್ಗೆ ಎಲ್ಲರೂ ಸುತ್ತ ಕುಳಿತು, ಚಟದಿಂದ ಪಟ್ಟ ಕಷ್ಟವನ್ನು ಮನೆಯವರು ಚಟವಿದ್ದವರ ಎದುರಿಗೇ ಹೇಳಬೇಕಂತೆ. ಅಣ್ಣ ಒಲ್ಲೆ ಎಂದ. ಬಿಡಲಿಲ್ಲ. ಮಗಳ ಶಾಲೆಯ ಶುಲ್ಕದ ಹಣ ಗುಳಿಗೆಗೆ ಹೋದದ್ದನ್ನು ತಲೆ ತಗ್ಗಿಸಿ ಹೇಳಿದ. ಹದಿಮೂರು ವರ್ಷದ ಆ ಮಗಳು ಪಕ್ಕದಲ್ಲೇ ಇದ್ದಳು. ನಮ್ಮ ಫೋನುಗಳು ಬುಟ್ಟಿಯಲ್ಲಿದ್ದವು, ಅವರ ಕಡೆಯವನೊಬ್ಬ ಮಾತ್ರ ತನ್ನ ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸುತ್ತಿದ್ದ. ಉತ್ತರ ಕೊಡಲೆಂದು ಎದ್ದ ವೈನಿ ನಿಂತಲ್ಲೇ ಬಿದ್ದರು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಯಾರೋ ಮೈಮೇಲೆ ಬಂದಿದೆ ಎಂದರು, ಯಾರೋ ಅಂಗೈಗೆ ಕಬ್ಬಿಣದ ಕೀಲಿ ತುರುಕಿದರು. ವೈದ್ಯರಿರಲಿ, ಅಲ್ಲಿ ಒಬ್ಬ ನರ್ಸ್ ಕೂಡ ಇರಲಿಲ್ಲ.

ನಮ್ಮ ಕಾರಿನಲ್ಲೇ ಚಿಂಚೋಳಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ವೈದ್ಯೆ ಕೇಳಿದ ಮೊದಲ ಪ್ರಶ್ನೆ: "ಯಾವ ಗುಳಿಗೆ ನಿಲ್ಲಿಸಿದಿರಿ?" ಈ ಜಾತಿಯ ಗುಳಿಗೆಯನ್ನಾಗಲಿ, ವರ್ಷಗಟ್ಟಲೆ ಕುಡಿದವರು ಮದ್ಯವನ್ನಾಗಲಿ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು ಎಂದು ಗದರಿದರು. ವೈನಿ ಬದುಕಿದರು. ಆದರೆ ನಾಲ್ಕಕ್ಕೆ ಇಳಿದಿದ್ದ ಗುಳಿಗೆ ಮತ್ತೆ ಆರಕ್ಕೆ ಏರಿತು.

ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಯೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಆಗಿರಬೇಕು. ಅಣ್ಣ ಅದನ್ನು ಕೇಳಿದ್ದಕ್ಕೆ ಬಂದ ಉತ್ತರ: "ನಾವು ಚಿಕಿತ್ಸೆ ಕೊಡುವುದಿಲ್ಲ ಸರ್, ಇದು ಬರೀ ಶಿಬಿರ." ಗುಳಿಗೆ ಕೊಡುವುದು ಚಿಕಿತ್ಸೆ, ಕಸಿದುಕೊಳ್ಳುವುದು ಅಲ್ಲವಂತೆ!

ಎಲ್ಲ ಶಿಬಿರಗಳೂ ಹೀಗೆ ಎನ್ನುವುದಿಲ್ಲ. ಹಣ ಕಟ್ಟುವ ಮೊದಲು ರಾತ್ರಿ ವೈದ್ಯರು ಇರುತ್ತಾರೆಯೇ, ಔಷಧ ಯಾರ ಕೈಯಲ್ಲಿ ಇರುತ್ತದೆ, ಯಾರಾದರೂ ಚಿತ್ರೀಕರಿಸುತ್ತಾರೆಯೇ ಎಂದು ಕೇಳಿ. ನಡುವೆ ಎದ್ದು ಬರಬಹುದೇ ಎಂದೂ ಕೇಳಿ. ಉತ್ತರ ಅಡ್ಡಾದಿಡ್ಡಿ ಬಂದರೆ ಫೋನು ಇಡಿ. ನಿಮ್ಮ ವೈದ್ಯರಿಗೆ ತಿಳಿಸದೆ ಎಲ್ಲಿಗೂ ಹೋಗಬೇಡಿ; ನಾವು ಅದನ್ನೂ ಮಾಡಿರಲಿಲ್ಲ. ವ್ಯಸನಕ್ಕೆ 14446, ಮಾನಸಿಕ ತೊಂದರೆಗೆ ಟೆಲಿ ಮಾನಸ್‌ನ 14416, ಎರಡೂ ಉಚಿತ ಸಹಾಯವಾಣಿಗಳು.

ಮುಂದಿನ ಶಿಬಿರದ ಪ್ರಚಾರ ಈಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ತೆಗೆದುಹಾಕಿ ಎಂದು ಮೂರು ಸಲ ಕೇಳಿದರೂ ಅದೇ ಚಿತ್ರ. ಎರಡನೇ ಸಾಲಿನಲ್ಲಿ ನಗುತ್ತ ನಿಂತಿರುವವರಲ್ಲಿ ನಮ್ಮ ವೈನಿಯವರೂ ಇದ್ದಾರೆ. ಅದು ಶನಿವಾರ ಬೆಳಿಗ್ಗೆ ತೆಗೆದದ್ದು. ಡಬ್ಬಿ ಇನ್ನೂ ಅವರ ಚೀಲದಲ್ಲೇ ಇತ್ತು.